ಬಸುರಿನಲ್ಲಿ ಥೈರಾಯ್ಡ್: ಹೊತ್ತು ತಪ್ಪದಿರಲಿ

ಮುಟ್ಟು ನಿಂತು ವಾರ ಕಳೆದ ಮೇಲೆ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು, ಎರಡು ಗೆರೆ ಕಂಡರೂ, "ಮೂರು ತಿಂಗಳು ತುಂಬಲಿ, ಆಮೇಲೆ ಡಾಕ್ಟರ ಹತ್ತಿರ ಹೋದರಾಯಿತು" ಎನ್ನುವ ಮನೆಗಳು ಇಂದಿಗೂ ಕಡಿಮೆಯಿಲ್ಲ. ಮೂರು ತಿಂಗಳವರೆಗೆ ಯಾರಿಗೂ ಹೇಳಬಾರದೆಂಬ ರೂಢಿ ಬೇರೆ. ನೆಂಟರಿಷ್ಟರಿಗೆ ಹೇಳುವುದನ್ನು ಎಷ್ಟು ಬೇಕಾದರೂ ಮುಂದೆ ಹಾಕಿ. ವೈದ್ಯರ ಬಳಿ ಹೋಗುವುದನ್ನು ಮಾತ್ರ ಮುಂದೆ ಹಾಕಬೇಡಿ. ಹೊಟ್ಟೆಯಲ್ಲಿರುವ ಮಗು ಥೈರಾಯ್ಡ್ ಹಾರ್ಮೋನಿಗಾಗಿ ಪೂರ್ತಿಯಾಗಿ ತಾಯಿಯನ್ನೇ ನೆಚ್ಚಿಕೊಂಡಿರುವುದು ಸರಿಯಾಗಿ ಆ ಮೊದಲ ಮೂರು ತಿಂಗಳಲ್ಲಿ.

ಥೈರಾಯ್ಡ್ ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಿರುವ ಪುಟ್ಟ ಗ್ರಂಥಿ. ನಾವು ತಿನ್ನುವ ಉಪ್ಪು, ಹಾಲು, ಮೀನು, ಮೊಟ್ಟೆಗಳಿಂದ ಬರುವ ಅಯೋಡಿನ್ ಬಳಸಿ ಅದು ಟಿ4 ಮತ್ತು ಟಿ3 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಮಗುವಿನ ಮಿದುಳಿನ ಕೋಶಗಳು ಹುಟ್ಟಿ, ತಮ್ಮ ತಮ್ಮ ಜಾಗ ಸೇರಿ, ಒಂದಕ್ಕೊಂದು ಬೆಸೆದುಕೊಳ್ಳಲು ಈ ಹಾರ್ಮೋನು ಬೇಕೇ ಬೇಕು. ಮಗುವಿನ ಸ್ವಂತ ಥೈರಾಯ್ಡ್ ಅಯೋಡಿನ್ ಹಿಡಿದು ಕೆಲಸ ಕಲಿಯತೊಡಗುವುದು 10ರಿಂದ 12ನೇ ವಾರದ ಸುಮಾರಿಗೆ. ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳುವ ಹೊತ್ತಿಗೆ ಐದನೇ ತಿಂಗಳು ಬಂದಿರುತ್ತದೆ. ಅಲ್ಲಿಯತನಕ ಅದರ ಹೆಚ್ಚಿನ ಪಾಲು ತಾಯಿಯ ರಕ್ತದಿಂದ ಬಂದದ್ದೇ.

ಹೀಗಾಗಿ ಬಸುರಿಯ ಥೈರಾಯ್ಡ್ ಎಂದಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಹಾರ್ಮೋನು ತಯಾರಿಸಬೇಕಾಗುತ್ತದೆ. ಮಗುವಿನ ಪಾಲು ಒಂದು ಕಡೆ. ಗರ್ಭಾವಸ್ಥೆಯಲ್ಲಿ ಏರುವ ಈಸ್ಟ್ರೋಜನ್ನಿನಿಂದಾಗಿ ರಕ್ತದಲ್ಲಿ ಈ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ಹೆಚ್ಚುವುದು ಇನ್ನೊಂದು ಕಡೆ. ಮೂತ್ರದಲ್ಲಿ ಅಯೋಡಿನ್ ಹೆಚ್ಚು ಸೋರಿಹೋಗುವುದೂ ಇದಕ್ಕೆ ಸೇರುತ್ತದೆ. ಆರೋಗ್ಯವಾಗಿರುವ ಗ್ರಂಥಿ ಈ ಹೊರೆಯನ್ನು ಸದ್ದಿಲ್ಲದೆ ಹೊರುತ್ತದೆ. ಮೊದಲೇ ದುರ್ಬಲವಾಗಿದ್ದು, ಹೇಗೋ ತೂಗಿಸಿಕೊಂಡು ಬಂದಿದ್ದ ಗ್ರಂಥಿ ಬಸುರಿನಲ್ಲಿ ಸೋಲುತ್ತದೆ. "ನನಗೆ ಮೊದಲು ಥೈರಾಯ್ಡ್ ಇರಲೇ ಇಲ್ಲ, ಬಸುರಾದ ಮೇಲೆ ಬಂತು" ಎಂದು ಅನೇಕರು ಹೇಳುವುದು ಇದರಿಂದಲೇ.

ಸುಸ್ತು, ನಿದ್ದೆ, ಮಲಬದ್ಧತೆ, ಕಾಲು ಊತ, ತೂಕ ಏರುವುದು, ಕೂದಲು ಉದುರುವುದು ಇವೆಲ್ಲ ಥೈರಾಯ್ಡ್ ಕುಗ್ಗಿದಾಗಲೂ ಬರುತ್ತವೆ, ಬರೀ ಬಸುರಿನಲ್ಲೂ ಬರುತ್ತವೆ. ಆದ್ದರಿಂದ ಲಕ್ಷಣ ನೋಡಿ ಹೇಳಲು ಆಗದು. ರಕ್ತ ಪರೀಕ್ಷೆಯೇ ದಾರಿ.

ಯಾರು, ಯಾವಾಗ ಪರೀಕ್ಷೆ ಮಾಡಿಸಬೇಕು

ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ, ಅಪಾಯದ ಸಾಧ್ಯತೆ ಹೆಚ್ಚಿರುವ ಗರ್ಭಿಣಿಯರನ್ನು ಗುರುತಿಸಿ, ಥೈರಾಯ್ಡ್ ಹೇಗಿದೆಯೆಂದು ತಿಳಿಸುವ ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆ ಮಾಡಬೇಕೆನ್ನುತ್ತದೆ. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಥೈರಾಯ್ಡ್ ಇರುವವರು, ಹಿಂದೆ ಗರ್ಭಪಾತವಾದವರು ಅಥವಾ ದಿನ ತುಂಬುವ ಮೊದಲೇ ಹೆರಿಗೆಯಾದವರು, ಮಕ್ಕಳಾಗಲೆಂದು ಬಹಳ ದಿನ ಚಿಕಿತ್ಸೆ ಪಡೆದವರು, ಟೈಪ್ 1 ಸಕ್ಕರೆ ಕಾಯಿಲೆಯವರು, ಕುತ್ತಿಗೆಯಲ್ಲಿ ಊತವಿರುವವರು, ತೂಕ ಬಹಳ ಹೆಚ್ಚಿರುವವರು ಇಂಥವರ ಸಾಲಿಗೆ ಸೇರುತ್ತಾರೆ. ಖಾಸಗಿ ಆಸ್ಪತ್ರೆಗಳಲ್ಲಿ ಮೊದಲ ಭೇಟಿಯಲ್ಲೇ ಎಲ್ಲರಿಗೂ ಬರೆದುಕೊಡುವುದು ಸಾಮಾನ್ಯ. ಎಲ್ಲ ಗರ್ಭಿಣಿಯರಿಗೂ ಕಡ್ಡಾಯವಾಗಿ ಮಾಡಬೇಕೇ ಬೇಡವೇ ಎಂಬ ಚರ್ಚೆ ವೈದ್ಯಲೋಕದಲ್ಲಿ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಅಪಾಯವಿರುವವರನ್ನು ಮಾತ್ರ ಆರಿಸಿದರೆ ತೊಂದರೆಯಿರುವ ಎಷ್ಟೋ ಜನ ಜರಡಿಯಿಂದ ಜಾರಿಹೋಗುತ್ತಾರೆ, ನಮ್ಮಲ್ಲಿ ಥೈರಾಯ್ಡ್ ತೊಂದರೆ ಸಾಮಾನ್ಯ, ಪರೀಕ್ಷೆ ಸರಳ. ಮೊದಲ ಭೇಟಿಯಲ್ಲಿ ಹಿಮೋಗ್ಲೋಬಿನ್, ಸಕ್ಕರೆ ನೋಡುವಾಗಲೇ "ಡಾಕ್ಟ್ರೇ, ಥೈರಾಯ್ಡ್ ಕೂಡ ನೋಡಿಬಿಡೋಣವೇ?" ಎಂದು ಕೇಳಿ. ಸರ್ಕಾರಿ ಆಸ್ಪತ್ರೆಗೆ ಹೋಗುವವರಾದರೆ, ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ವೈದ್ಯರು ಗರ್ಭಿಣಿಯರನ್ನು ಉಚಿತವಾಗಿ ತಪಾಸಣೆ ಮಾಡುತ್ತಾರೆ. ಆ ದಿನ ಕೇಳಬಹುದು, ಇಲ್ಲವೇ ಮೊದಲೇ ಆಶಾ ಕಾರ್ಯಕರ್ತೆಯ ಕಿವಿಗೆ ಹಾಕಿಡಬಹುದು.

ಈಗಾಗಲೇ ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು ಬಸುರಾಗುವ ಮೊದಲೇ ಪರೀಕ್ಷೆ ಮಾಡಿಸಿ, ಟಿಎಸ್‌ಎಚ್ 2.5ರ ಒಳಗೆ ಬಂದ ಮೇಲೆ ಮಗುವಿನ ಯೋಚನೆ ಮಾಡುವುದು ಒಳ್ಳೆಯದು.

ರಿಪೋರ್ಟ್ ಓದುವುದು ಹೇಗೆ

ಟಿಎಸ್‌ಎಚ್ ಥೈರಾಯ್ಡಿನದಲ್ಲ; ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. ಒಳಮನೆಯಿಂದ ಕರೆದಾಗ ಓಗೊಡದವರನ್ನು ಇನ್ನೂ ಜೋರಾಗಿ ಕೂಗುತ್ತೇವಲ್ಲ, ಹಾಗೆ ಥೈರಾಯ್ಡ್ ಮಂದವಾದಷ್ಟೂ ಪಿಟ್ಯುಟರಿ ಟಿಎಸ್‌ಎಚ್ ಹೆಚ್ಚಿಸುತ್ತದೆ. ಅದಕ್ಕೇ ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಕುಗ್ಗಿದೆ ಎಂದು, ಇಳಿದರೆ ಥೈರಾಯ್ಡ್ ಅತಿಯಾಗಿ ಓಡುತ್ತಿದೆ ಎಂದು ಓದಿಕೊಳ್ಳಬೇಕು. "ಥೈರಾಯ್ಡ್ ಜಾಸ್ತಿ ಬಂದಿದೆ" ಎಂದು ಮನೆಯಲ್ಲಿ ಹೇಳುವವರಿಗೆ ನಿಜಕ್ಕೂ ಇರುವುದು ಬಹುಪಾಲು ಕಡಿಮೆಯ ತೊಂದರೆಯೇ. ಔಷಧಿ ಅಂಗಡಿಯಲ್ಲಿ, ಬೇರೆ ಊರಿನ ಆಸ್ಪತ್ರೆಯಲ್ಲಿ ಹೀಗೆ ತಿರುಗಾಮುರುಗಾ ಹೇಳಿ ಗೊಂದಲವಾಗುವುದುಂಟು. ಆದ್ದರಿಂದ ಹೈಪೋ ಅಥವಾ ಹೈಪರ್ ಎಂಬ ಪದವನ್ನೇ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಲ್ಯಾಬಿನ ಹಾಳೆಯ ಬಲಗಡೆ ಮುದ್ರಿಸಿರುವ ಅಳತೆ ಸಾಮಾನ್ಯವಾಗಿ ಬಸುರಿಯಲ್ಲದವರದು. ಮೊದಲ ಮೂರು ತಿಂಗಳಲ್ಲಿ ಜರಾಯುವಿನಿಂದ ಹೊಮ್ಮುವ ಎಚ್‌ಸಿಜಿ ಹಾರ್ಮೋನು ಥೈರಾಯ್ಡನ್ನು ತಾನೂ ಒಂದಿಷ್ಟು ಚುರುಕುಗೊಳಿಸುತ್ತದೆ. ಆಗ ಪಿಟ್ಯುಟರಿಗೆ ಕೆಲಸ ಕಡಿಮೆ; ಟಿಎಸ್‌ಎಚ್ ತಾನಾಗಿ ಇಳಿಯುತ್ತದೆ. ಎರಡನೇ ತಿಂಗಳಲ್ಲಿ 0.2 ಬಂದು, ಪಕ್ಕದಲ್ಲಿ ದಪ್ಪಕ್ಷರ ಕಂಡು ಗಾಬರಿಯಾಗುವವರ ಪೈಕಿ ಹೆಚ್ಚಿನವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಹಾಗೆಯೇ ಹಾಳೆಯ ಪ್ರಕಾರ ನಾರ್ಮಲ್ ಎನಿಸುವ 4.5 ಮೊದಲ ತಿಂಗಳುಗಳಲ್ಲಿ ನಾರ್ಮಲ್ ಆಗಿರಲಿಕ್ಕಿಲ್ಲ.

ಹಾಗಾದರೆ ಎಷ್ಟಿರಬೇಕು? ಇಲ್ಲಿ ವೈದ್ಯರಲ್ಲೇ ಎರಡು ಮಾತಿದೆ. ಕಾರಣ ತಿಳಿದಿದ್ದರೆ ಮನೆಯವರ ಆತಂಕ ಕಡಿಮೆಯಾಗುತ್ತದೆ. ಅಮೆರಿಕದಲ್ಲಿರುವ ಮಗಳಿಗೆ 3.2 ಬಂದರೆ ಅಲ್ಲಿನವರು "ಏನೂ ಬೇಡ" ಎನ್ನಬಹುದು. ದಾವಣಗೆರೆಯಲ್ಲಿರುವ ಸೊಸೆಗೆ ಅದೇ 3.2ಕ್ಕೆ ಮಾತ್ರೆ ಬರೆದಿರಬಹುದು. ಅಮೆರಿಕನ್ ಥೈರಾಯ್ಡ್ ಸಂಘ 2011ರಲ್ಲಿ ಮೊದಲ ಮೂರು ತಿಂಗಳಿಗೆ 2.5, ಆಮೇಲೆ 3 ಎಂಬ ಮಿತಿ ಹಾಕಿತ್ತು. ನಮ್ಮ ಸರ್ಕಾರದ 2014ರ ಮಾರ್ಗಸೂಚಿಯಲ್ಲಿರುವುದೂ ಅದೇ. ಆದರೆ ಹಲವು ದೇಶಗಳ ಆರೋಗ್ಯವಂತ ಗರ್ಭಿಣಿಯರಲ್ಲಿ ಅಳೆದು ನೋಡಿದಾಗ ಅದಕ್ಕಿಂತ ಹೆಚ್ಚು ಕಂಡುಬಂದಿದ್ದರಿಂದ ಆ ಸಂಘ 2017ರಲ್ಲಿ ಮಿತಿಯನ್ನು ಸಡಿಲಿಸಿತು: ಆಯಾ ಪ್ರದೇಶದ ಗರ್ಭಿಣಿಯರ ಅಳತೆ ಸಿಗದಿದ್ದರೆ ಸುಮಾರು 4ನ್ನು ಮಿತಿಯೆಂದು ಇಟ್ಟುಕೊಳ್ಳಿ ಎಂದಿತು. ಜೊತೆಗೆ ಟಿಪಿಒ ಪ್ರತಿಕಾಯ ಎಂಬ ಇನ್ನೊಂದು ಪರೀಕ್ಷೆಗೆ ತೂಕ ಕೊಟ್ಟಿತು. ದೇಹ ತನ್ನ ಥೈರಾಯ್ಡಿನ ಮೇಲೆ ತಾನೇ ದಾಳಿ ಮಾಡುತ್ತಿದೆಯೇ ಎಂದು ತಿಳಿಸುವ ಪರೀಕ್ಷೆ ಅದು. 2.5ರಿಂದ 4ರ ನಡುವೆ ಇರುವವರಿಗೆ ಮಾತ್ರೆ ಬೇಕೇ ಎಂಬ ಪ್ರಶ್ನೆಗೆ ಟಿಪಿಒ ಫಲಿತಾಂಶವೇ ದಾರಿ ತೋರಿಸುತ್ತದೆ. ಪಾಸಿಟಿವ್ ಇದ್ದರೆ ಚಿಕಿತ್ಸೆಯತ್ತ ಒಲವು, ನೆಗೆಟಿವ್ ಇದ್ದರೆ ಕಾದು ನೋಡುವುದು. ಈ ನಡುವಣ ಗುಂಪಿನಲ್ಲಿರುವವರು ಒಬ್ಬ ಡಾಕ್ಟರಿಂದ ಇನ್ನೊಬ್ಬ ಡಾಕ್ಟರಿಗೆ ಅಲೆಯುವ ಬದಲು "ಟಿಪಿಒ ನೋಡೋಣವೇ?" ಎಂದು ಕೇಳುವುದು ಮೇಲು.

ಟಿಎಸ್‌ಎಚ್ 10 ದಾಟಿದ್ದರೆ ಭಿನ್ನಾಭಿಪ್ರಾಯವೇ ಇಲ್ಲ. ಅದೇ ದಿನ ಮಾತ್ರೆ ಶುರುವಾಗಬೇಕು.

ಚಿಕಿತ್ಸೆ ಸಿಗದ ತೀವ್ರ ಕೊರತೆಯಿಂದ ಗರ್ಭಪಾತ, ರಕ್ತದೊತ್ತಡ ಏರುವುದು, ಅವಧಿಗೆ ಮುಂಚೆ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು ಇವುಗಳ ಸಾಧ್ಯತೆ ಹೆಚ್ಚುತ್ತದೆ. ಮಗುವಿನ ಬುದ್ಧಿಶಕ್ತಿಯ ಮಾತು ಎಲ್ಲರನ್ನೂ ಹೆದರಿಸುವಂಥದ್ದು. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಸಿಗದ ತಾಯಂದಿರ ಮಕ್ಕಳ ಐಕ್ಯೂ 7ರಿಂದ 9ನೇ ವಯಸ್ಸಿನಲ್ಲಿ ಸರಾಸರಿ 7 ಅಂಕ ಕಡಿಮೆಯಿತ್ತು. ಇದನ್ನೇ ಹಿಡಿದು, ಟಿಎಸ್‌ಎಚ್ 3.5 ಇದ್ದ ತಾಯಿಗೂ "ನಿನ್ನ ಮಗು ಮಂದಬುದ್ಧಿಯಾಗುತ್ತದೆ" ಎಂದು ಹೆದರಿಸುವವರಿದ್ದಾರೆ. ಅದು ಸುಳ್ಳು, ಕ್ರೂರವೂ ಹೌದು. ಸೌಮ್ಯ ಕೊರತೆಯಿದ್ದ ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರೆ ಕೊಟ್ಟು ನೋಡಿದ ಎರಡು ದೊಡ್ಡ ಅಧ್ಯಯನಗಳು 2012 ಮತ್ತು 2017ರಲ್ಲಿ ಬಂದವು. ಎರಡೂ ಗುಂಪಿನ ಮಕ್ಕಳ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಅಧ್ಯಯನಗಳಲ್ಲಿ ಮಾತ್ರೆ ಶುರುವಾದದ್ದೇ ಮೂರು ತಿಂಗಳು ತುಂಬಿದ ಮೇಲೆ ಎಂಬುದನ್ನು ಮರೆಯಬಾರದು. ತಾಯಂದಿರು ಇಟ್ಟುಕೊಳ್ಳಬೇಕಾದ ಲೆಕ್ಕ ಇಷ್ಟು: ಸೌಮ್ಯ ಕೊರತೆಗೆ ನಿದ್ದೆಗೆಡಬೇಕಿಲ್ಲ, ತೀವ್ರ ಕೊರತೆಗೆ ಒಂದು ದಿನವೂ ತಡಮಾಡಬಾರದು, ಎರಡರಲ್ಲೂ ಬೇಗ ತಿಳಿದಷ್ಟೂ ಒಳ್ಳೆಯದು.

ಮಾತ್ರೆ, ಕಾಫಿ, ಕಬ್ಬಿಣ, ಕ್ಯಾಲ್ಸಿಯಂ

ಕೊರತೆಗೆ ಕೊಡುವ ಔಷಧ ಲೆವೊಥೈರಾಕ್ಸಿನ್. ಅಂಗಡಿಯಲ್ಲಿ ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಮುಂತಾದ ಹೆಸರಿನಲ್ಲಿ ಸಿಗುತ್ತದೆ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೂ ದೊರೆಯುತ್ತದೆ. ದೇಹವೇ ತಯಾರಿಸುವ ಟಿ4ನ ತದ್ರೂಪು ಇದು. ಹೊರಗಿನ ರಾಸಾಯನಿಕ ಮಗುವಿಗೆ ಹೋಗಿ ತೊಂದರೆ ಮಾಡೀತು ಎಂಬ ಭಯ ಬೇಡ. ಸರಿಯಾದ ಪ್ರಮಾಣದಲ್ಲಿ ನುಂಗದಿದ್ದರೆ ತೊಂದರೆ. ಒಮ್ಮೆ ಶುರುಮಾಡಿದರೆ ಸಾಯುವತನಕ ಬಿಡುವಂತಿಲ್ಲ ಎಂಬ ಮಾತೂ ಎಲ್ಲರಿಗೂ ಅನ್ವಯಿಸದು. ಬಸುರಿನಲ್ಲಿ ಸೌಮ್ಯ ಕೊರತೆಗೆ ಶುರುಮಾಡಿದ ಅನೇಕರಿಗೆ ಹೆರಿಗೆಯ ಬಳಿಕ ವೈದ್ಯರು ನಿಲ್ಲಿಸಿ ನೋಡುತ್ತಾರೆ.

ಮೊದಲಿನಿಂದ ಮಾತ್ರೆ ನುಂಗುತ್ತಿದ್ದವರಿಗೆ ಬಸುರಾದ ನಾಲ್ಕರಿಂದ ಆರನೇ ವಾರದಲ್ಲೇ ಡೋಸ್ ಸಾಲದೆ ಬರುತ್ತದೆ. ಹೆಚ್ಚಿನವರಿಗೆ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚಿಸಬೇಕಾಗುತ್ತದೆ. ಗೆರೆ ಎರಡು ಕಂಡ ದಿನವೇ, ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ, ಅಂದರೆ ವಾರದಲ್ಲಿ ಎರಡು ದಿನ ಎರಡೆರಡು, ನುಂಗಲು ಶುರುಮಾಡಿ ಆಮೇಲೆ ಪರೀಕ್ಷೆಗೆ ಬನ್ನಿ ಎಂದು ಅನೇಕ ವೈದ್ಯರು ಮೊದಲೇ ಹೇಳಿಟ್ಟಿರುತ್ತಾರೆ. ನಿಮಗೆ ಇದು ಹೊಂದುತ್ತದೆಯೇ ಎಂದು ಮಗು ಬೇಕೆಂದುಕೊಂಡಾಗಲೇ ಕೇಳಿಟ್ಟುಕೊಳ್ಳಿ. ಅಪಾಯಿಂಟ್‌ಮೆಂಟ್ ಸಿಗುವತನಕ ಕಾಯುವ ಎರಡು ಮೂರು ವಾರ ಹೀಗೆ ಉಳಿಯುತ್ತದೆ. ಬಸುರಾದೆನೆಂದು ಹೆದರಿ ಇರುವ ಮಾತ್ರೆಯನ್ನೇ ನಿಲ್ಲಿಸುವವರಿದ್ದಾರೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಇನ್ನು ಹೊತ್ತಿನ ಮಾತು. ಈ ಮಾತ್ರೆಯನ್ನು ದೇಹ ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಹೀರಿಕೊಳ್ಳುತ್ತದೆ. ಎದ್ದ ಕೂಡಲೇ ಒಂದು ಲೋಟ ನೀರಿನ ಜೊತೆ ನುಂಗಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಏನನ್ನೂ ಮುಟ್ಟಬಾರದು. ಕಾಫಿಯನ್ನೂ. ನಮ್ಮ ಮನೆಗಳಲ್ಲಿ ಸೋಲುವುದು ಇಲ್ಲೇ. ಆರಕ್ಕೆ ಮಾತ್ರೆ, ಆರೂ ಐದಕ್ಕೆ ಡಿಕಾಕ್ಷನ್ ಕಾಫಿ ಎಂದರೆ ಔಷಧದ ಒಂದು ಪಾಲು ವ್ಯರ್ಥವಾದಂತೆ. ಬೆಳಗಿನ ಆ ಗಂಟೆ ಸಾಧ್ಯವೇ ಇಲ್ಲದವರು, ಅಥವಾ ಎದ್ದ ತಕ್ಷಣ ಓಕರಿಕೆ ಬರುವವರು, ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಲಗುವ ಮುನ್ನ ನುಂಗಬಹುದೇ ಎಂದು ವೈದ್ಯರನ್ನು ಕೇಳಬಹುದು. ಮಾತ್ರೆ ನುಂಗಿದ ಕೂಡಲೇ ವಾಂತಿಯಲ್ಲಿ ಅದೇ ಹೊರಬಿದ್ದರೆ ಇನ್ನೊಂದು ನುಂಗಿ. ಬೆಳಿಗ್ಗೆ ಮರೆತರೆ ಅದೇ ದಿನ ನೆನಪಾದಾಗ, ಹೊಟ್ಟೆ ಆದಷ್ಟು ಖಾಲಿಯಿರುವ ಹೊತ್ತು ನೋಡಿ ನುಂಗಿ. ಈ ಹಾರ್ಮೋನು ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಒಂದು ದಿನದ ಮರೆವಿಗೆ ಕಂಗೆಡಬೇಕಿಲ್ಲ, ಮರೆವೇ ಅಭ್ಯಾಸವಾಗಬಾರದು.

ಬಸುರಿಗೆ ಬರೆದುಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಹಾಕಿ ರಕ್ತಕ್ಕೆ ಹೋಗದಂತೆ ಮಾಡುತ್ತವೆ. ಮೂರನ್ನೂ ಅಂಗೈಯಲ್ಲಿಟ್ಟು ಒಂದೇ ಗುಟುಕಿಗೆ ನುಂಗುವ ಬಸುರಿಯರು ನಮ್ಮ ನಡುವೆ ಎಷ್ಟೋ ಮಂದಿ. ಅವರ ತಪ್ಪೇನೂ ಇಲ್ಲ; ಚೀಟಿಯಲ್ಲಿ ಮೂರಕ್ಕೂ "ಬೆಳಿಗ್ಗೆ" ಎಂದೇ ಬರೆದಿರುತ್ತದೆ, ಬಿಡಿಸಿ ಹೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ. ಇವೆರಡಕ್ಕೂ ಥೈರಾಯ್ಡ್ ಮಾತ್ರೆಗೂ ನಡುವೆ ನಾಲ್ಕು ಗಂಟೆ ಬೇಕು. ಕಬ್ಬಿಣ, ಕ್ಯಾಲ್ಸಿಯಂ ಕೂಡ ಒಂದಕ್ಕೊಂದು ಆಗದವು. ಎಲ್ಲಕ್ಕೂ ಜಾಗ ಸಿಗುವ ಒಂದು ದಿನಚರಿ ಹೀಗಿರಬಹುದು: ಬೆಳಿಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ, ಏಳಕ್ಕೆ ಕಾಫಿ, ಎಂಟರ ಮೇಲೆ ತಿಂಡಿ. ಮಧ್ಯಾಹ್ನದ ಊಟದ ಜೊತೆ ಒಂದು ಕ್ಯಾಲ್ಸಿಯಂ. ಊಟವಾಗಿ ಎರಡು ಮೂರು ಗಂಟೆ ಕಳೆದು, ಸಂಜೆಯ ಕಾಫಿಗೆ ಒಂದು ಗಂಟೆ ಮೊದಲು, ನಿಂಬೆಹಣ್ಣಿನ ಪಾನಕದೊಂದಿಗೆ ಕಬ್ಬಿಣ. ರಾತ್ರಿ ಊಟದ ಜೊತೆ ಇನ್ನೊಂದು ಕ್ಯಾಲ್ಸಿಯಂ. ಇದನ್ನು ದೊಡ್ಡದಾಗಿ ಬರೆದು ಅಡುಗೆಮನೆಯ ಕ್ಯಾಲೆಂಡರಿಗೆ ಅಂಟಿಸಿ. ಎದೆಯುರಿಗೆ ಕುಡಿಯುವ ಔಷಧ, ಸೋಯಾ ಪ್ರೋಟೀನಿನ ಪುಡಿಗಳೂ ಮಾತ್ರೆಯಿಂದ ದೂರವಿರಲಿ.

ಸರ್ಕಾರಿ ವ್ಯವಸ್ಥೆಯಲ್ಲಿ ಕಬ್ಬಿಣದ ಮಾತ್ರೆ ನಾಲ್ಕನೇ ತಿಂಗಳಿನಿಂದ ಶುರು; 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫಾಲಿಕ್ ಆಮ್ಲ, 180 ದಿನ. ಮೊದಲ ಮೂರು ತಿಂಗಳು ಚೆನ್ನಾಗಿದ್ದ ಟಿಎಸ್‌ಎಚ್ ಐದನೇ ತಿಂಗಳಲ್ಲಿ ದಿಢೀರನೆ ಏರಿದರೆ, ಡೋಸ್ ಹೆಚ್ಚಿಸುವ ಮೊದಲು ಕಬ್ಬಿಣವನ್ನು ಯಾವ ಹೊತ್ತಿಗೆ ನುಂಗುತ್ತಿದ್ದೀರೆಂದು ನೆನಪು ಮಾಡಿಕೊಂಡು ವೈದ್ಯರಿಗೆ ಹೇಳಿ. ಬರೀ ಫಾಲಿಕ್ ಆಮ್ಲದ ಮಾತ್ರೆಗೆ ಈ ತಕರಾರಿಲ್ಲ.

ಒಂದೇ ಕಂಪನಿಯ ಮಾತ್ರೆ ಇಟ್ಟುಕೊಳ್ಳುವುದು ಒಳ್ಳೆಯದು. ಬದಲಾಯಿಸಬೇಕಾಗಿ ಬಂದರೆ ತಿಂಗಳ ಬಳಿಕ ಪರೀಕ್ಷೆ ಮಾಡಿಸಿ. ಮಾತ್ರೆ ಬಂದ ಬಾಟಲಿಯಲ್ಲೇ ಇರಲಿ, ಒಲೆಯ ಹತ್ತಿರವಾಗಲಿ ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ಬೇಡ. ಐದನೇ ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಏಳನೇ ತಿಂಗಳ ಸುಮಾರಿಗೆ ಒಮ್ಮೆಯಾದರೂ ಟಿಎಸ್‌ಎಚ್ ನೋಡಬೇಕು. ಪರೀಕ್ಷೆಯ ದಿನ ರಕ್ತ ಕೊಟ್ಟು ಬಂದು ಮಾತ್ರೆ ನುಂಗಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ. ಅದು ಕೆಲವು ಲ್ಯಾಬುಗಳ ಅಳತೆಯನ್ನೇ ತಪ್ಪಿಸುತ್ತದೆ.

ಸೀಮಂತ ಮುಗಿಸಿ ತವರಿಗೆ ಹೊರಡುವಾಗ ಸೀರೆ, ಬಳೆ ಎಲ್ಲ ನೆನಪಿರುತ್ತದೆ. ಆ ಚೀಲದಲ್ಲಿ ಎರಡು ತಿಂಗಳಿಗಾಗುವಷ್ಟು ಮಾತ್ರೆ, ಕೊನೆಯ ಎರಡು ರಿಪೋರ್ಟು ಮತ್ತು ಈಗ ನುಂಗುತ್ತಿರುವ ಡೋಸ್ ಬರೆದ ಚೀಟಿಯೂ ಇರಲಿ. ಊರು ಬದಲಾಗಿ, ಡಾಕ್ಟರು ಬದಲಾಗಿ, ಹಳೆಯ ಡೋಸೇ ಮುಂದುವರಿಯುವುದು ಈ ಹೊತ್ತಿನಲ್ಲಿ ಆಗುವ ಸಾಮಾನ್ಯ ಲೋಪ.

ಉಪ್ಪಿನ ವಿಷಯ

ಬಸುರಿಗೆ, ಹಾಲೂಡಿಸುವ ತಾಯಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದ ದೊಡ್ಡವರಿಗೆ 150 ಸಾಕು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ನಡೆಸಿದ ಅಧ್ಯಯನ, ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟರೆ ಗಳಗಂಡ ಇಳಿಮುಖವಾಗುತ್ತದೆಂದು ತೋರಿಸಿತು. ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1962ರಲ್ಲಿ. ಅಯೋಡಿನ್ ಇಲ್ಲದ ಅಡುಗೆ ಉಪ್ಪಿನ ಮಾರಾಟಕ್ಕೆ 2006ರಿಂದ ದೇಶಾದ್ಯಂತ ನಿಷೇಧವಿದೆ. ನಮ್ಮ ಕೈಸೇರುವ ಉಪ್ಪಿನಲ್ಲಿ ಪ್ರತಿ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು.

ಇಷ್ಟೆಲ್ಲ ಆಗಿ ಗೆದ್ದ ಕೆಲಸವನ್ನು ಈಗ ಅಡುಗೆಮನೆಯಲ್ಲೇ ಕಳೆದುಕೊಳ್ಳುತ್ತಿದ್ದೇವೆ ಎಂಬುದು ನನಗೆ ನೋವಿನ ಸಂಗತಿ. ಸಾರಿಗೆ ಹರಳುಪ್ಪೇ ರುಚಿ ಎಂದು ಚೀಲದಲ್ಲಿ ಬರುವ ಬಿಡಿ ಉಪ್ಪು ತರುವವರು, ಆರೋಗ್ಯಕ್ಕೆ ಒಳ್ಳೆಯದೆಂದು ದುಬಾರಿ ಸೈಂಧವ ಲವಣಕ್ಕೆ ಬದಲಾದವರು ಬಹಳ ಮಂದಿ. ಇವುಗಳಲ್ಲಿ ಅಯೋಡಿನ್ ಬೆರೆಸಿರದಿದ್ದರೆ ಬಸುರಿಗೆ ಅದರ ಕೊರತೆ ತಟ್ಟುತ್ತದೆ. ಅಯೋಡಿನ್ ಬೆರೆಸಿದ ಹರಳುಪ್ಪೂ ಸಿಗುತ್ತದೆ. ಪೊಟ್ಟಣದ ಮೇಲೆ ನಗುವ ಸೂರ್ಯನ ಗುರುತು ನೋಡಿ ಕೊಳ್ಳಿ. ಉಪ್ಪಿನ ಡಬ್ಬ ಮುಚ್ಚಿರಲಿ, ಒಲೆಯ ಬಿಸಿ, ತೇವ ತಾಗದಿರಲಿ, ಕುದಿಯುವಾಗ ಹಾಕುವ ಬದಲು ಇಳಿಸುವ ಮುನ್ನ ಹಾಕಿ. ಹಾಗೆಂದು ಉಪ್ಪನ್ನು ಹೆಚ್ಚು ತಿನ್ನುವಂತಿಲ್ಲ, ರಕ್ತದೊತ್ತಡ ಇದ್ದವರಂತೂ ಖಂಡಿತ ಬೇಡ. ಹಾಲು, ಮೊಸರು, ಮೊಟ್ಟೆ, ಮೀನು ಉಳಿದದ್ದನ್ನು ತುಂಬಿಕೊಡುತ್ತವೆ.

ಎಲೆಕೋಸು, ಹೂಕೋಸು, ಮೂಲಂಗಿ ಮುಟ್ಟಲೇಬಾರದೆಂದು ಬಸುರಿಯ ತಟ್ಟೆಯಿಂದ ಎತ್ತಿಡಬೇಡಿ. ಅಯೋಡಿನ್ ಸಾಕಷ್ಟಿದ್ದು, ಬೇಯಿಸಿ, ಹದವಾಗಿ ತಿಂದರೆ ಇವುಗಳಿಂದ ತೊಂದರೆಯಿಲ್ಲ. ಕೊತ್ತಂಬರಿ ಬೀಜದ ನೀರಿನಿಂದ ಥೈರಾಯ್ಡ್ ವಾಸಿಯಾಯಿತು ಎಂಬ ವಾಟ್ಸಾಪ್ ಸಂದೇಶ ನಂಬಿ ಮಾತ್ರೆ ಬಿಡಬೇಡಿ. ಸಮುದ್ರಪಾಚಿಯ ಪುಡಿ, ಥೈರಾಯ್ಡಿಗೆಂದೇ ಮಾರುವ ಅಯೋಡಿನ್ ಹನಿಗಳು ಬಸುರಿಗೆ ಅಪಾಯಕಾರಿ, ಏಕೆಂದರೆ ಅಯೋಡಿನ್ ಅತಿಯಾದರೆ ಮಗುವಿನ ಥೈರಾಯ್ಡ್ ಮಂಕಾಗುತ್ತದೆ.

ಹೈಪರ್ ಆದಾಗ

ಥೈರಾಯ್ಡ್ ಅತಿಯಾಗಿ ಓಡುವ ತೊಂದರೆ ಬಸುರಿಯರಲ್ಲಿ ಅಪರೂಪ, ಆದರೆ ಇದರಲ್ಲಿ ಎಚ್ಚರ ಹೆಚ್ಚು ಬೇಕು. ವಿಪರೀತ ವಾಂತಿಯಿರುವವರಲ್ಲಿ, ಅವಳಿ ಮಕ್ಕಳಿರುವವರಲ್ಲಿ ಎಚ್‌ಸಿಜಿ ಹೆಚ್ಚಿರುವುದರಿಂದ ಟಿಎಸ್‌ಎಚ್ ತಳ ಮುಟ್ಟುತ್ತದೆ. ಇದಕ್ಕೆ ಥೈರಾಯ್ಡ್ ತಗ್ಗಿಸುವ ಔಷಧ ಬೇಡ. ವಾಂತಿಗೆ ಚಿಕಿತ್ಸೆ, ದ್ರವ ಸಾಕು. ನಾಲ್ಕನೇ ತಿಂಗಳು ದಾಟುವ ಹೊತ್ತಿಗೆ ತಾನೇ ಸರಿಹೋಗುತ್ತದೆ. ಗ್ರೇವ್ಸ್ ಕಾಯಿಲೆ ಬೇರೆಯೇ ಸಂಗತಿ. ಕುತ್ತಿಗೆ ಊದಿರುವುದು, ಕಣ್ಣುಗುಡ್ಡೆ ಮುಂದೆ ಬಂದಂತಿರುವುದು, ಕೂತಲ್ಲೇ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಬಸುರಿನಲ್ಲೂ ತೂಕ ಏರದಿರುವುದು ಇದರ ಸೂಚನೆ. ಟಿಆರ್‌ಎಬಿ ಎಂಬ ಪ್ರತಿಕಾಯ ಪರೀಕ್ಷೆ ಇವೆರಡನ್ನು ಬೇರ್ಪಡಿಸುತ್ತದೆ.

ಗ್ರೇವ್ಸ್‌ಗೆ ಕಾರ್ಬಿಮಜೋಲ್ ನುಂಗುತ್ತಿರುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. 6ರಿಂದ 10ನೇ ವಾರದೊಳಗೆ ಈ ಔಷಧ ಮಗುವಿನ ಅಂಗರಚನೆಯಲ್ಲಿ ದೋಷ ತರಬಹುದು. ಮಗು ಬೇಕೆಂದಾಗಲೇ ವೈದ್ಯರಿಗೆ ತಿಳಿಸಿ. ಹೇಳದೆಯೇ ಬಸುರಾಗಿದ್ದರೆ ಮುಟ್ಟು ತಪ್ಪಿದ ದಿನವೇ ಪರೀಕ್ಷಿಸಿಕೊಂಡು ಫೋನ್ ಮಾಡಿ. ಅವರು ಮಾತ್ರೆ ನಿಲ್ಲಿಸಿ ನೋಡಬಹುದು, ಅಥವಾ ಮೊದಲ ತಿಂಗಳುಗಳಿಗೆ ಪಿಟಿಯು ಎಂಬ ಮಾತ್ರೆಗೆ ಬದಲಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ. ಪಿಟಿಯು ಯಕೃತ್ತಿಗೆ ತೊಂದರೆ ಕೊಡುವ ಸಾಧ್ಯತೆಯಿದೆ. ಅದನ್ನು ನುಂಗುವಾಗ ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ತಕ್ಷಣ ಹೋಗಿ. ಮೈ ಕಾದು ಜ್ವರ ಬಂದು, ಎದೆಬಡಿತ ತಾಳತಪ್ಪಿ, ಮಾತು ಅಸಂಬದ್ಧವಾದರೆ ಅದು ತುರ್ತು, 108ಕ್ಕೆ ಕರೆ ಮಾಡಿ.

ಹಿಂದೆಂದೋ ಗ್ರೇವ್ಸ್‌ಗೆ ಆಪರೇಷನ್ ಅಥವಾ ರೇಡಿಯೋ ಅಯೋಡಿನ್ ಚಿಕಿತ್ಸೆಯಾಗಿ ಈಗ ಥೈರಾಕ್ಸಿನ್ ನುಂಗುತ್ತಿರುವವರು "ನನಗೆ ಹೈಪೋ" ಎಂದಷ್ಟೇ ಹೇಳಿ ಸುಮ್ಮನಾಗಬಾರದು. ರಕ್ತದಲ್ಲಿ ಉಳಿದ ಆ ಪ್ರತಿಕಾಯಗಳು ಜರಾಯು ದಾಟಿ ಮಗುವಿನ ಥೈರಾಯ್ಡನ್ನು ಕೆರಳಿಸಬಲ್ಲವು. ಹಳೆಯ ಕತೆಯನ್ನು ಪೂರ್ತಿ ಹೇಳಿ. ರೇಡಿಯೋ ಅಯೋಡಿನ್ ಪಡೆದವರು ಆರು ತಿಂಗಳು ಬಸುರಾಗಬಾರದು. ಬಸುರಿಯರಿಗೆ ಅದು ಸಲ್ಲದು.

ಬಾಣಂತನದಲ್ಲಿ

ಹೆರಿಗೆಯಾದ ಮೇಲೆ ಮಾತ್ರೆಯ ಅಗತ್ಯ ಬಸುರಿಗೆ ಮುಂಚಿನ ಮಟ್ಟಕ್ಕೆ ಇಳಿಯುತ್ತದೆ. ಆಸ್ಪತ್ರೆಯಿಂದ ಹೊರಡುವಾಗಲೇ "ಇನ್ನು ಮೇಲೆ ಎಷ್ಟು?" ಎಂದು ಕೇಳಿ ಬರೆಸಿಕೊಳ್ಳಿ, ಆರು ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಹಾಲೂಡಿಸಲು ಥೈರಾಕ್ಸಿನ್ ಅಡ್ಡಿಯಲ್ಲ. ಬಾಣಂತಿಯ ಲೇಹ್ಯ, ಕಷಾಯಗಳೂ ಕಾಫಿಯಂತೆಯೇ ಮಾತ್ರೆಯಾಗಿ ಒಂದು ಗಂಟೆಯ ನಂತರ.

ಟಿಪಿಒ ಪಾಸಿಟಿವ್ ಇದ್ದವರಿಗೆ ಇನ್ನೊಂದು ಎಚ್ಚರ. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಹೆರಿಗೆಯ ನಂತರ ಥೈರಾಯ್ಡ್ ಉರಿಯೂತ ಕಾಣಿಸಿಕೊಳ್ಳುತ್ತದೆ. ಮೊದಲ ಕೆಲವು ತಿಂಗಳು ಎದೆಬಡಿತ, ಸಿಡಿಮಿಡಿ, ನಿದ್ದೆಯಿಲ್ಲದಿರುವುದು. ಆಮೇಲೆ ಆರು ತಿಂಗಳ ಹೊತ್ತಿಗೆ ತಿರುವು ಪಡೆದು ವಿಪರೀತ ಆಯಾಸ, ಮಂಕು, ಕಣ್ಣೀರು. ಮನೆಯವರು ಇದನ್ನು ಬಾಣಂತಿಯ ಸೋಮಾರಿತನವೆಂದೋ, ಮಗುವಿನ ಮೇಲೆ ಅಕ್ಕರೆಯಿಲ್ಲವೆಂದೋ ಬಗೆಯುತ್ತಾರೆ. ಅತ್ತೆಯವರಲ್ಲಿ, ಅಮ್ಮಂದಿರಲ್ಲಿ, ಗಂಡಂದಿರಲ್ಲಿ ನನ್ನ ವಿನಂತಿ: ಆರು ತಿಂಗಳ ಕೂಸಿನ ತಾಯಿ ಏಳಲಾರೆ ಎಂದರೆ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಿ. ಮನಸ್ಸು ಕುಗ್ಗಿರುವುದಕ್ಕೆ ಥೈರಾಯ್ಡ್ ಕಾರಣವಲ್ಲದಿದ್ದರೂ ವೈದ್ಯರನ್ನು ಕಾಣಲೇಬೇಕು. ಹೆಚ್ಚಿನವರಿಗೆ ಈ ಉರಿಯೂತ ವರ್ಷದೊಳಗೆ ಇಳಿಯುತ್ತದೆ. ಕೆಲವರಿಗೆ ಕೊರತೆ ಶಾಶ್ವತವಾಗಿ ಉಳಿಯುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸುವುದು ಬೇಕು.

ಕೊನೆಯದಾಗಿ ಕೂಸಿನ ಪರೀಕ್ಷೆ. ನಮ್ಮ ದೇಶದಲ್ಲಿ ಸುಮಾರು ಸಾವಿರ ಶಿಶುಗಳಲ್ಲಿ ಒಂದು ಥೈರಾಯ್ಡ್ ಕೊರತೆಯೊಂದಿಗೆ ಹುಟ್ಟುತ್ತದೆ. ತಾಯಿಗೆ ಥೈರಾಯ್ಡ್ ಇರಲಿ ಬಿಡಲಿ, ಈ ಸಾಧ್ಯತೆ ಎಲ್ಲ ಶಿಶುಗಳಿಗೂ ಉಂಟು. ಹುಟ್ಟಿದಾಗ ನೋಡಲು ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಮಿದುಳಿಗೆ ಹಾನಿಯಾಗಿರುತ್ತದೆ. ಎರಡು ದಿನ ಕಳೆದ ಮೇಲೆ ಹಿಮ್ಮಡಿ ಚುಚ್ಚಿ ತೆಗೆದ ಕೆಲವು ಹನಿ ರಕ್ತದಲ್ಲಿ ಇದನ್ನು ಪತ್ತೆ ಹಚ್ಚಬಹುದು; ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಎಲ್ಲರಂತೆ ಬೆಳೆಯುತ್ತದೆ. ಎಲ್ಲ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ತಾನಾಗಿ ಆಗುವುದಿಲ್ಲ. ಡಿಸ್ಚಾರ್ಜ್ ಆಗುವ ಮುನ್ನ ಮಕ್ಕಳ ವೈದ್ಯರನ್ನು ಕೇಳಿ ಮಾಡಿಸಿ, ಫಲಿತಾಂಶವನ್ನು ಲಸಿಕೆಯ ಪುಸ್ತಕದಲ್ಲೇ ಬರೆಸಿಕೊಳ್ಳಿ.